ನಾಣ್ಯಕ್ಕೆ ಬಿಟ್ಟದ್ದು ಯಾವುದು, ಆಯ್ಕೆಗೆ ಬಿಟ್ಟದ್ದು ಯಾವುದು: ಪ್ರಾಬಬಿಲಿಸ್ಟಿಕ್ ಮಾಡೆಲ್ ಚೆಕಿಂಗ್ ಕಲಿಯುವ ದಾರಿ

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ, ಆಮೇಲೆ ಪಾಠ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಮೆಸೇಜ್ ಸಾಗಿಸುವ ಒಂದು ವ್ಯವಸ್ಥೆ ಪರೀಕ್ಷೆಗೆ ಬಂದಿತ್ತು. ಮೆಸೇಜ್ ತಲುಪಿತು ಎಂಬ ಉತ್ತರ ಬರದಿದ್ದರೆ ಅದು ಮತ್ತೆ ಕಳಿಸುತ್ತದೆ. ಹಾಗಾಗಿ ಅಪರೂಪಕ್ಕೆ ಒಂದೇ ಮೆಸೇಜ್ ಎರಡು ಸಲ ದಾಖಲಾಗಿಬಿಡಬಹುದು. ಆ ಅಪರೂಪ ಅಂದರೆ ಎಷ್ಟು ಅಪರೂಪ? ಒಂದು ಸಿಮ್ಯುಲೇಶನ್ ಬರೆದು 1 ಲಕ್ಷ ಸಲ ಓಡಿಸಿದೆ. ಒಂದು ಸಲವೂ ಹಾಗಾಗಲಿಲ್ಲ. ವರದಿಯಲ್ಲಿ "ಸಮಸ್ಯೆ ಇಲ್ಲ" ಎಂದು ಬರೆದೆ. ವ್ಯವಸ್ಥೆ ಬಳಕೆಗೆ ಬಂದ ವಾರದಲ್ಲೇ ದೂರು ಶುರುವಾಯಿತು. ದಿನಕ್ಕೆ 10 ಲಕ್ಷ ಮೆಸೇಜ್ ಹೋಗುತ್ತಿದ್ದವು, ಅವುಗಳಲ್ಲಿ ಸರಾಸರಿ 17 ಎರಡೆರಡು ಸಲ ದಾಖಲಾಗುತ್ತಿದ್ದವು.

ಲೆಕ್ಕ ಗೊತ್ತಿದ್ದವರು ಆಗಲೇ ನಕ್ಕಿರುತ್ತಾರೆ. 1 ಲಕ್ಷ ಸಲ ಓಡಿಸಿ ಸೊನ್ನೆ ತಪ್ಪು ಕಂಡರೆ ನಾವು ಹೇಳಬಹುದಾದದ್ದು ಇಷ್ಟೇ: 95 ಪ್ರತಿಶತ ಭರವಸೆಯಿಂದ, ತಪ್ಪಿನ ಸಾಧ್ಯತೆ ಸುಮಾರು 1 ಲಕ್ಷಕ್ಕೆ 3ಕ್ಕಿಂತ ಕಡಿಮೆ. ಅಂದರೆ 10 ಲಕ್ಷಕ್ಕೆ 30ರ ತನಕ ಏನು ಬೇಕಾದರೂ ಇರಬಹುದು! ನನ್ನ "ಸೊನ್ನೆ"ಯ ಬೆಲೆ ಅಷ್ಟೇ ಆಗಿತ್ತು.

ಆಗ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು, "ಇದನ್ನು ಓಡಿಸಿ ನೋಡಬೇಡ, ಮಾಡೆಲ್ ಚೆಕ್ ಮಾಡು" ಎಂದರು. ರಜೆಯ ದಿನಗಳಲ್ಲಿ ಕೂತು ಸುಮಾರು ನಾಲ್ಕು ತಿಂಗಳು ಕಲಿತೆ. ಅದರಲ್ಲಿ ಎರಡು ತಿಂಗಳು ತಪ್ಪು ಕ್ರಮದಲ್ಲಿ ಕಲಿತೆ. ನಿಮಗೆ ಆ ಎರಡು ತಿಂಗಳು ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಏನಿದು ಅಂತ ಎರಡು ಮಾತು

ಸಿಮ್ಯುಲೇಶನ್ ಕೆಲವು ದಾರಿಗಳನ್ನು ನಡೆದು ನೋಡುತ್ತದೆ. ಮಾಡೆಲ್ ಚೆಕಿಂಗ್ ಎಲ್ಲ ದಾರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ವ್ಯವಸ್ಥೆಯ ಎಲ್ಲ ಸ್ಥಿತಿಗಳು, ಅವುಗಳ ನಡುವಿನ ಬಾಣಗಳು, ಇಷ್ಟನ್ನೂ ಕಟ್ಟಿ, ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತದೆ. ಈ ಮೂಲ ಕೆಲಸಕ್ಕೆ ಕ್ಲಾರ್ಕ್, ಎಮರ್ಸನ್, ಸಿಫಾಕಿಸ್ ಮೂವರಿಗೂ 2007ರ ಟ್ಯೂರಿಂಗ್ ಪ್ರಶಸ್ತಿ ಬಂತು. ಅಲ್ಲಿ ಉತ್ತರ ಹೌದು ಅಥವಾ ಇಲ್ಲ. ನಾವು ಕಲಿಯುವ ಪ್ರಾಬಬಿಲಿಸ್ಟಿಕ್, ಅಂದರೆ ಸಾಧ್ಯತೆಯನ್ನು ಲೆಕ್ಕ ಹಾಕುವ, ಬಗೆಯಲ್ಲಿ ಬಾಣಗಳ ಮೇಲೆ ಸಂಖ್ಯೆ ಇರುತ್ತದೆ, ಉತ್ತರವೂ ಸಂಖ್ಯೆ: ಎಷ್ಟು ಸಾಧ್ಯತೆ, ಸರಾಸರಿ ಎಷ್ಟು ಹೊತ್ತು, ಎಷ್ಟು ಖರ್ಚು.

ಮೊದಲ ವಾರ: ಟೂಲ್ ಮುಟ್ಟಬೇಡಿ

ನಾನು ಮಾಡಿದ ಮೊದಲ ತಪ್ಪೇ ಈ ಲೆಕ್ಕ ಮಾಡಿಕೊಡುವ ಟೂಲ್ ಇಳಿಸಿಕೊಂಡದ್ದು. ಮೊದಲು ಬೇಕಾದದ್ದು ಒಂದು ಹಾಳೆ, ಒಂದು ಪೆನ್ಸಿಲ್. ರಷ್ಯಾದ ಗಣಿತಜ್ಞ ಮಾರ್ಕೋವ್ 1913ರಲ್ಲಿ ಪುಷ್ಕಿನ್ ಕಾವ್ಯದ 20,000 ಅಕ್ಷರಗಳಲ್ಲಿ ಸ್ವರ ಎಷ್ಟು, ವ್ಯಂಜನ ಎಷ್ಟು, ಯಾವುದರ ಹಿಂದೆ ಯಾವುದು ಬರುತ್ತದೆ ಎಂದು ಕೈಯಲ್ಲೇ ಎಣಿಸಿದ್ದರು. ನಾವು ಮೂರು ಸ್ಥಿತಿಯ ಚಿತ್ರ ಬರೆಯಬಹುದು, ಅಲ್ವಾ?

ಮೂರು ವೃತ್ತ ಬರೆಯಿರಿ: "ಪ್ರಯತ್ನ", "ತಲುಪಿತು", "ಕೆಟ್ಟುಹೋಯಿತು". ಪ್ರಯತ್ನದಿಂದ ಮೂರು ಬಾಣ ಹೊರಡುತ್ತವೆ. 0.9 ಸಾಧ್ಯತೆಯಲ್ಲಿ ಮೆಸೇಜ್ ತಲುಪುತ್ತದೆ. 0.08ರಲ್ಲಿ ಕಳೆದುಹೋಗಿ ಮತ್ತೆ ಪ್ರಯತ್ನಕ್ಕೇ ಬರುತ್ತದೆ. 0.02ರಲ್ಲಿ ಕಳಿಸುವ ಯಂತ್ರವೇ ಕೆಟ್ಟು ಕೂರುತ್ತದೆ. ಉಳಿದ ಎರಡು ವೃತ್ತಗಳಿಂದ ಹೊರಗೆ ದಾರಿ ಇಲ್ಲ, ತಮಗೇ ಮರಳುವ ಬಾಣ ಒಂದೊಂದು. ಇದೇ ಮಾರ್ಕೋವ್ ಸರಪಳಿ. ಮುಂದೇನಾಗುತ್ತದೆ ಎನ್ನುವುದು ಈಗ ಎಲ್ಲಿದ್ದೇವೆ ಎನ್ನುವುದರ ಮೇಲೆ ಮಾತ್ರ ನಿಂತಿದೆ, ಇಲ್ಲಿಗೆ ಹೇಗೆ ಬಂದೆವು ಎನ್ನುವುದು ಬೇಕಿಲ್ಲ. ಹಳೆಯದು ಬೇಕಾದರೆ ಅದನ್ನು ಸ್ಥಿತಿಯೊಳಗೇ ಬರೆದುಕೊಳ್ಳಬೇಕು. "ಮೂರು ಸಲ ಮಾತ್ರ ಪ್ರಯತ್ನ" ಎಂಬ ನಿಯಮವಿದ್ದರೆ ಎಷ್ಟನೆಯ ಸಲ ಎಂಬ ಎಣಿಕೆಯೂ ಸ್ಥಿತಿಯ ಭಾಗ.

ಈಗ ಪ್ರಶ್ನೆ: ಕೊನೆಗೂ ತಲುಪುವ ಸಾಧ್ಯತೆ ಎಷ್ಟು? ಅದನ್ನು ಎಕ್ಸ್ ಅನ್ನೋಣ. ಮೊದಲ ಏಟಿಗೇ ತಲುಪಿದರೆ 0.9. ಕಳೆದುಹೋದರೆ ಮತ್ತೆ ಅದೇ ಜಾಗದಲ್ಲಿ ನಿಂತಿದ್ದೇವೆ, ಅಲ್ಲಿಂದ ತಲುಪುವ ಸಾಧ್ಯತೆ ಮತ್ತೆ ಎಕ್ಸ್. ಹಾಗಾಗಿ ಎಕ್ಸ್ ಎಂದರೆ 0.9 ಕೂಡು 0.08 ಎಕ್ಸ್. ಬಿಡಿಸಿದರೆ 0.9 ಭಾಗಿಸು 0.92, ಅಂದರೆ ಸುಮಾರು 0.97826.

ಇನ್ನೊಂದು ಬಗೆಯಲ್ಲೂ ಮಾಡಿ ನೋಡಿ. ಒಂದೇ ಪ್ರಯತ್ನದೊಳಗೆ ತಲುಪುವುದು 0.9. ಎರಡರೊಳಗೆ 0.972. ಮೂರರೊಳಗೆ 0.97776. ನಾಲ್ಕರೊಳಗೆ 0.97822. ನಿಧಾನವಾಗಿ ಮೇಲಿನ ಉತ್ತರದ ಹತ್ತಿರ ಹೋಗುತ್ತಿದೆ. ಹೀಗೆ ಸುತ್ತು ಸುತ್ತಾಗಿ ಹತ್ತಿರ ಹೋಗುವುದಕ್ಕೆ ವ್ಯಾಲ್ಯೂ ಇಟರೇಶನ್ ಎನ್ನುತ್ತಾರೆ. ಟೂಲ್‌ಗಳ ಒಳಗೆ ಹೆಚ್ಚಾಗಿ ನಡೆಯುವುದು ಇದೇ. ಕೋಟಿ ಸ್ಥಿತಿಗಳಿದ್ದರೂ ಕೆಲಸ ಇಷ್ಟೇ, ಸಮೀಕರಣ ಜಾಸ್ತಿ. ಈ ಎರಡು ಲೆಕ್ಕ ಕೈಗೆ ಹತ್ತಿದರೆ ಮುಂದಿನದೆಲ್ಲ ಹೆದರಿಸುವುದಿಲ್ಲ.

ಎರಡನೆಯ ಅಭ್ಯಾಸಕ್ಕೆ ನನಗೆ ತುಂಬ ಇಷ್ಟವಾದದ್ದು ಕ್ನೂತ್ ಮತ್ತು ಯಾವೋ 1976ರಲ್ಲಿ ಕೊಟ್ಟ ದಾಳ. ಕೈಯಲ್ಲಿ ನಾಣ್ಯ ಮಾತ್ರ ಇದೆ, ಆರು ಮುಖದ ದಾಳ ಬೇಕು. ಮೊದಲ ಎಸೆತ ನಿಮ್ಮನ್ನು ಎಡಗುಂಪಿಗೋ ಬಲಗುಂಪಿಗೋ ಕಳಿಸುತ್ತದೆ. ಎಡಗುಂಪಿನಲ್ಲಿ ಇನ್ನೆರಡು ಸಲ ಎಸೆಯಿರಿ. ನಾಲ್ಕು ಫಲಗಳಲ್ಲಿ ಮೂರಕ್ಕೆ 1, 2, 3 ಎಂದು ಹೆಸರಿಡಿ. ನಾಲ್ಕನೆಯದು ಬಿದ್ದರೆ ಗುಂಪಿನ ಬಾಗಿಲಿಗೆ ವಾಪಸ್. ಬಲಗುಂಪಿನಲ್ಲೂ ಹಾಗೇ, 4, 5, 6. ಪ್ರತಿ ಮುಖಕ್ಕೂ ಆರರಲ್ಲೊಂದು ಬರುತ್ತದೆ ಎಂದು ಸಮೀಕರಣದಿಂದ ತೋರಿಸಿ. ಸರಾಸರಿ ಎಷ್ಟು ಎಸೆತ ಬೇಕು? ಗುಂಪಿನ ಬಾಗಿಲಿನಿಂದ ಲೆಕ್ಕ ಹಾಕಿ: ಎರಡು ಎಸೆತ ಆಗೇ ಆಗುತ್ತದೆ, ಕಾಲು ಭಾಗ ಸಲ ಮತ್ತೆ ಮೊದಲಿನಿಂದ. ಉತ್ತರ 8/3, ಅದಕ್ಕೆ ಮೊದಲ ಎಸೆತ ಸೇರಿಸಿದರೆ 11/3, ಅಂದರೆ 3.67. ನಾಣ್ಯ ಸರಿಯಾಗಿಲ್ಲದೆ 0.6, 0.4 ಆಗಿದ್ದರೆ ಮುಖಗಳ ಪಾಲು ಎಷ್ಟು ಕೆಡುತ್ತದೆ ಎಂದೂ ನೋಡಿ. ನಾನು ಅದಕ್ಕೆ ಒಂದು ಸಂಜೆ ಹಿಡಿದೆ, ಖುಷಿಯಾಯಿತು.

ಪ್ರಶ್ನೆ ಕೇಳುವುದನ್ನು ಕಲಿಯಿರಿ

ಮಾಡೆಲ್‌ಗಿಂತ ಪ್ರಶ್ನೆಯಲ್ಲೇ ನಾನು ಜಾಸ್ತಿ ಎಡವಿದ್ದೇನೆ. ಪ್ರಶ್ನೆ ಬರೆಯಲು ಪಿಸಿಟಿಎಲ್ ಎಂಬ ಭಾಷೆ ಇದೆ. ಹ್ಯಾನ್ಸನ್ ಮತ್ತು ಜಾನ್ಸನ್ 1994ರಲ್ಲಿ ಪ್ರಕಟಿಸಿದ್ದು. ನೋಡಲು ಗಣಿತದ ಗುರುತುಗಳು, ಒಳಗೆ ಇರುವುದು ದಿನದ ಮಾತು. "ಎಂದಾದರೂ ತಲುಪುತ್ತದೆಯೇ." "5 ಹೆಜ್ಜೆಯೊಳಗೆ ತಲುಪುತ್ತದೆಯೇ." "ತಲುಪುವ ತನಕ ಒಮ್ಮೆಯೂ ಕೆಡದೆ ಇರುತ್ತದೆಯೇ." ಇವುಗಳ ಮುಂದೆ "0.99ಕ್ಕಿಂತ ಕಡಿಮೆಯಿಲ್ಲದ ಸಾಧ್ಯತೆ" ಎಂಬ ಗೆರೆ ಹಾಕಬಹುದು, ಅಥವಾ ಸುಮ್ನೆ "ಎಷ್ಟು?" ಎಂದು ಕೇಳಬಹುದು. ಕಲಿಯುವಾಗ ಯಾವಾಗಲೂ "ಎಷ್ಟು?" ಎಂದೇ ಕೇಳಿ. 0.99ರ ಗೆರೆ ದಾಟಿತು ಎಂಬ ಉತ್ತರದಲ್ಲಿ 0.9901 ಇದೆಯೋ 0.9999 ಇದೆಯೋ ಕಾಣುವುದಿಲ್ಲ.

"5 ಹೆಜ್ಜೆ" ಎಂದಾಗ ಹೆಜ್ಜೆ ಎಂದರೆ ಏನು ಎಂದು ತಡೆದು ಯೋಚಿಸಿ. ಅದು ಸೆಕೆಂಡ್ ಅಲ್ಲ. ಚಿತ್ರದಲ್ಲಿ ಒಂದು ಬಾಣ ದಾಟಿದರೆ ಒಂದು ಹೆಜ್ಜೆ. ಎರಡು ಯಂತ್ರಗಳು ಬೇರೆ ಬೇರೆಯಾಗಿ ಒಂದೊಂದು ಬಾಣ ದಾಟಿದರೆ ಎರಡು ಹೆಜ್ಜೆ. ಒಟ್ಟಿಗೆ ದಾಟಿದರೆ ಒಂದೇ.

ಸರಾಸರಿ ಕೇಳುವಾಗ ಇನ್ನೊಂದು ಗುಂಡಿ ಇದೆ, ನಾನು ಅದರಲ್ಲಿ ಬಿದ್ದೆ. ಮೇಲಿನ ಮೂರು ವೃತ್ತದ ಮಾಡೆಲ್‌ಗೆ "ತಲುಪಲು ಸರಾಸರಿ ಎಷ್ಟು ಪ್ರಯತ್ನ?" ಎಂದು ಟೂಲ್ ಅನ್ನು ಕೇಳಿದೆ. "ಅನಂತ" ಎಂದಿತು. ಟೂಲ್ ಕೆಟ್ಟಿದೆ ಎಂದೇ ಅಂದುಕೊಂಡೆ. ಆದರೆ ಅದರ ಮಾತು ಸರಿ. 100ರಲ್ಲಿ ಎರಡಕ್ಕಿಂತ ಜಾಸ್ತಿ ಸಲ ಯಂತ್ರ ಕೆಟ್ಟು ಮೆಸೇಜ್ ಎಂದಿಗೂ ತಲುಪುವುದೇ ಇಲ್ಲ. ಆ ದಾರಿಗಳಿಗೆ "ಎಷ್ಟು ಹೊತ್ತು" ಎಂದು ಕೇಳಿದರೆ ಟೂಲ್ ಅನಂತ ಎಂದೇ ಲೆಕ್ಕ ಹಿಡಿಯುತ್ತದೆ. ಅನಂತದ ಒಂದು ಚೂರು ಸೇರಿದರೂ ಸರಾಸರಿ ಅನಂತವೇ. "ತಲುಪುವುದು ಅಥವಾ ಕೆಡುವುದು, ಎರಡರಲ್ಲೊಂದು ಆಗಲು ಎಷ್ಟು ಪ್ರಯತ್ನ?" ಎಂದು ಕೇಳಿದರೆ 1 ಭಾಗಿಸು 0.92, ಅಂದರೆ 1.087 ಬರುತ್ತದೆ.

ಈಗ ಟೂಲ್

ಎರಡು ಹೆಸರು ಗೊತ್ತಿದ್ದರೆ ಸಾಕು: ಪ್ರಿಸಂ ಮತ್ತು ಸ್ಟಾರ್ಮ್. ಪ್ರಿಸಂ ಹಿಂದೆ ಮಾರ್ಟಾ ಕ್ವಿಯಾಟ್ಕೋವ್ಸ್ಕಾ, ಗೆಥಿನ್ ನಾರ್ಮನ್, ಡೇವಿಡ್ ಪಾರ್ಕರ್ ಇದ್ದಾರೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾಗಿ ಆಕ್ಸ್‌ಫರ್ಡ್‌ಗೂ ಹೋಯಿತು. ಸ್ಟಾರ್ಮ್ ಜರ್ಮನಿಯ ಆಖೆನ್‌ನಲ್ಲಿ ಹುಟ್ಟಿದ್ದು, ವೇಗ ಜಾಸ್ತಿ, ಆದರೆ ಕಿಟಕಿ ಬಟನ್‌ಗಳಿಲ್ಲ. ಎರಡೂ ಉಚಿತ, ಎರಡರ ಮೂಲ ಕೋಡ್ ಕೂಡ ತೆರೆದಿದೆ. ಹೊಸಬರು ಪ್ರಿಸಂನಿಂದ ಶುರು ಮಾಡಿ. ಅದರಲ್ಲಿ ಮಾಡೆಲ್ ಅನ್ನು ಹೆಜ್ಜೆ ಹೆಜ್ಜೆಯಾಗಿ ಕೈಯಿಂದ ನಡೆಸಿ ನೋಡುವ ಕಿಟಕಿ ಇದೆ. ನನ್ನ ಅರ್ಧ ತಪ್ಪುಗಳು ಅಲ್ಲೇ ಸಿಕ್ಕಿವೆ. ಪ್ರಿಸಂ ಭಾಷೆಯಲ್ಲಿ ಬರೆದ ಮಾಡೆಲ್ ಅನ್ನು ಸ್ಟಾರ್ಮ್ ಕೂಡ ಓದುತ್ತದೆ, ಹಾಗಾಗಿ ಆಮೇಲೆ ದಾಟುವುದು ಕಷ್ಟವಲ್ಲ.

ಭಾಷೆ ಸುಲಭ. ಸಾಲಿನ ಎಡಗಡೆ ಷರತ್ತು, ನಡುವೆ ಬಾಣ, ಬಲಗಡೆ ಏನೇನಾಗಬಹುದು ಎಂಬ ಪಟ್ಟಿ. ಟೂಲ್‌ನ ಗುರುತುಗಳನ್ನು ಬಿಟ್ಟು ಕನ್ನಡದಲ್ಲಿ ಬರೆದರೆ ನಮ್ಮ ಮಾಡೆಲ್ ಒಂದೇ ಸಾಲು:

ಸ್ಥಿತಿ = 0 ಆಗಿದ್ದರೆ → 0.9 : ಸ್ಥಿತಿ 1 ಆಗಲಿ + 0.08 : ಸ್ಥಿತಿ 0 ಆಗಲಿ + 0.02 : ಸ್ಥಿತಿ 2 ಆಗಲಿ

ಸಂಖ್ಯೆಗಳ ಮೊತ್ತ 1 ಆಗದಿದ್ದರೆ ಟೂಲ್ ಬೈಯುತ್ತದೆ. ಆದರೆ ಮುಂದೆ ದಾರಿಯೇ ಇಲ್ಲದ ಸ್ಥಿತಿ ಉಳಿದುಬಿಟ್ಟರೆ ಬೈಯುವುದಿಲ್ಲ, ಒಂದು ಎಚ್ಚರಿಕೆ ಕೊಟ್ಟು ತಾನೇ ಒಂದು ಸುತ್ತು ಬಾಣ ಹಾಕಿಕೊಂಡು ಮುಂದೆ ಹೋಗುತ್ತದೆ. ಆ ಎಚ್ಚರಿಕೆ ಓದಿ. ನಾನು ಷರತ್ತಿನಲ್ಲಿ ಒಂದು ಸಂದರ್ಭ ಬಿಟ್ಟಿದ್ದೆ, ಮಾಡೆಲ್ ಅಲ್ಲೇ ಸಿಕ್ಕಿಕೊಂಡಿತ್ತು, ತಪ್ಪಿನ ಸಾಧ್ಯತೆ ಚೆನ್ನಾಗಿ ಕಡಿಮೆ ಬಂದಿತ್ತು. ಸಿಕ್ಕಿಕೊಂಡ ಯಂತ್ರ ತಪ್ಪು ಮಾಡುವುದು ಹೇಗೆ?

ಮೊದಲ ಪ್ರಶ್ನೆ ಕೇಳುವ ಮುಂಚೆ ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ: ಎಷ್ಟು ಸ್ಥಿತಿ ಬರಬೇಕು ಎಂದು ಹಾಳೆಯ ಮೇಲೆ ಊಹಿಸಿ, ಟೂಲ್ ಎಷ್ಟು ಎನ್ನುತ್ತದೆ ನೋಡಿ. ಹೊಂದದಿದ್ದರೆ ಮುಂದೆ ಹೋಗಬೇಡಿ. ಮೇಲಿನ ದಾಳದ ಚಿತ್ರಕ್ಕೆ 13 ಬರಬೇಕು, ಎಸೆಯುವ ಜಾಗ ಏಳು, ಮುಖ ಆರು.

ಅರ್ಧ ಅರ್ಧ ಎಂಬ ಸುಳ್ಳು

ಇದನ್ನು ನಿಧಾನವಾಗಿ ಓದಿ. ನಾನು ಎರಡು ತಿಂಗಳು ಕಳೆದುಕೊಂಡದ್ದು ಇಲ್ಲೇ.

ಮೆಸೇಜ್ ವ್ಯವಸ್ಥೆಯ ಮಾಡೆಲ್ ಕಟ್ಟಿದೆ. ಕಳಿಸುವವನು, ಪಡೆಯುವವನು, ನಡುವಿನ ದಾರಿ, ಎಲ್ಲ ಬಂತು. ಒಂದೇ ಮೆಸೇಜ್ ಎರಡು ಸಲ ದಾಖಲಾಗುವ ಸಾಧ್ಯತೆ ಎಷ್ಟು ಎಂದು ಕೇಳಿದೆ. ಉತ್ತರ 0.000004. ದಿನಕ್ಕೆ 10 ಲಕ್ಷ ಮೆಸೇಜ್ ಎಂದರೆ 4. ನಿಜದಲ್ಲಿ ಆಗುತ್ತಿದ್ದದ್ದು 17. ಮಾಡೆಲ್ ಗಣಿತ, ಗಣಿತ ತಪ್ಪಾಗುವುದಿಲ್ಲ, ಲಾಗ್ (ವ್ಯವಸ್ಥೆ ತಾನೇ ಬರೆದಿಡುವ ದಾಖಲೆ) ಎಣಿಸಿದ್ದರಲ್ಲೇ ತಪ್ಪಿರಬೇಕು ಎಂದು ವಾದ ಮಾಡಿದೆ! ಲಾಗ್ ಎಣಿಸಿದವರು ಇನ್ನೂ ನನ್ನನ್ನು ಛೇಡಿಸುತ್ತಾರೆ.

ತಪ್ಪು ಇದ್ದದ್ದು ಫೈಲಿನ ಮೊದಲ ಸಾಲಿನಲ್ಲಿ. ಪ್ರಿಸಂ ಫೈಲಿನ ಮೇಲೆ ಇದು ಯಾವ ಜಾತಿಯ ಮಾಡೆಲ್ ಎಂದು ಬರೆಯಬೇಕು. ನಾನು ಡಿಟಿಎಂಸಿ ಎಂದು ಬರೆದಿದ್ದೆ, ಅಂದರೆ ಬರೀ ಮಾರ್ಕೋವ್ ಸರಪಳಿ. ಬೇಕಿದ್ದದ್ದು ಎಂಡಿಪಿ, ಅಂದರೆ ಮಾರ್ಕೋವ್ ಡಿಸಿಶನ್ ಪ್ರೊಸೆಸ್. ವ್ಯತ್ಯಾಸ ಏನು? ಎರಡು ಪ್ರೋಗ್ರಾಂಗಳು ಒಂದೇ ಹೊತ್ತಿಗೆ ತಯಾರಾಗಿ ನಿಂತಿದ್ದರೆ ಯಾವುದು ಮೊದಲು ನಡೆಯುತ್ತದೆ? ಎಂಡಿಪಿಯಲ್ಲಿ ಅದು ತೆರೆದ ಆಯ್ಕೆ. ಡಿಟಿಎಂಸಿಯಲ್ಲಿ ಆಯ್ಕೆಗೆ ಜಾಗವೇ ಇಲ್ಲ. ಹಾಗಾಗಿ ಪ್ರಿಸಂ ನಡೆಯಬಲ್ಲ ಸಾಲುಗಳಿಗೆಲ್ಲ ಸಮಪಾಲು ಹಂಚಿಬಿಡುತ್ತದೆ. ಎರಡಿದ್ದರೆ ಅರ್ಧ ಅರ್ಧ. ನಾನು ಎಲ್ಲೂ ಬರೆಯದ ನಾಣ್ಯವೊಂದು ನನ್ನ ಮಾಡೆಲ್‌ನೊಳಗೆ ಬಂದು ಕೂತಿತ್ತು.

"ಗೊತ್ತಿಲ್ಲ, ಹಾಗಾದರೆ 50-50 ಇರಲಿ" ಎನ್ನುವುದು ಎಲ್ಲರಿಗೂ ಸಹಜವಾಗಿ ಬರುವ ಯೋಚನೆ. ಆದರೆ ಗೊತ್ತಿಲ್ಲ ಎನ್ನುವುದು ಬೇರೆ, ನಾಣ್ಯ ಎಸೆಯುತ್ತಿದ್ದಾರೆ ಎನ್ನುವುದು ಬೇರೆ. ಒಂದು ಪುಟ್ಟ ಆಟದಿಂದ ಇದನ್ನು ಕೈಯಲ್ಲೇ ನೋಡಬಹುದು. ಎರಡು ಪ್ರೋಗ್ರಾಂಗಳಿವೆ. ಎರಡೂ ತಮ್ಮ ತಮ್ಮ ನಾಣ್ಯ ಎಸೆದು ಕಪ್ಪು ಅಥವಾ ಬಿಳಿ ಹಿಡಿದುಕೊಳ್ಳುತ್ತವೆ. ಆಮೇಲೆ ಶೆಡ್ಯೂಲರ್, ಅಂದರೆ ಯಾರ ಸರದಿ ಎಂದು ಆರಿಸುವ ಭಾಗ, ಒಂದನ್ನು ಮೊದಲು ಬಿಡುತ್ತದೆ. ಮೊದಲು ಹೋದದ್ದರ ಕೈಯಲ್ಲಿ ಕಪ್ಪು ಇರುವ ಸಾಧ್ಯತೆ ಎಷ್ಟು?

ಶೆಡ್ಯೂಲರ್ ಕೂಡ ನಾಣ್ಯ ಎಸೆದು ಆರಿಸುತ್ತದೆ ಎಂದರೆ ಉತ್ತರ 0.5. ಶೆಡ್ಯೂಲರ್ ಬಣ್ಣ ನೋಡಿ ಆರಿಸಬಲ್ಲದು ಎನ್ನಿ. ನಾಲ್ಕು ಸಂದರ್ಭಗಳು, ಎಲ್ಲಕ್ಕೂ ಕಾಲು ಪಾಲು. ಎರಡೂ ಬಿಳಿಯಾದ ಒಂದನ್ನು ಬಿಟ್ಟರೆ ಉಳಿದ ಮೂರರಲ್ಲೂ ಕಪ್ಪನ್ನು ಮುಂದೆ ಬಿಡಬಹುದು. ಹಾಗಾಗಿ ಅತಿ ಹೆಚ್ಚು ಎಂದರೆ 0.75. ಬಿಳಿಯನ್ನೇ ಬಿಡಬೇಕೆಂದಿದ್ದರೆ ಕಪ್ಪು ಬರುವುದು ಎರಡೂ ಕಪ್ಪಾದಾಗ ಮಾತ್ರ, 0.25. ಅಂದರೆ ನಿಜವಾದ ಉತ್ತರ ಒಂದು ಸಂಖ್ಯೆಯಲ್ಲ, 0.25ರಿಂದ 0.75ರ ತನಕದ ಹರವು. 0.5 ಎಂಬುದು ಅದರೊಳಗಿನ ಒಂದು ಶೆಡ್ಯೂಲರ್‌ನ ಕಥೆ.

ಇದೇ ಆಟದಲ್ಲಿ ಇನ್ನೊಂದು ಬದಲಾವಣೆ ಮಾಡಿ. ಪ್ರೋಗ್ರಾಂಗಳು ನಾಣ್ಯ ಎಸೆಯುವುದಕ್ಕೆ ಮುಂಚೆಯೇ ಯಾರು ಮೊದಲು ಎಂದು ಶೆಡ್ಯೂಲರ್ ಹೇಳಿಬಿಡಲಿ. ಈಗ ಅದು ಏನೇ ಮಾಡಿದರೂ 0.5. ಆಯ್ಕೆ ನಾಣ್ಯಕ್ಕೆ ಮುಂಚೆಯೋ ಆಮೇಲೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಮಾಡೆಲ್‌ನಲ್ಲಿ ಎರಡು ಸಾಲುಗಳ ಕ್ರಮ ಹಿಂದುಮುಂದಾದರೆ ಏನಾಗಬಹುದು ಎಂದು ಊಹಿಸಿ.

ಎಂಡಿಪಿ ಆದಮೇಲೆ "ಸಾಧ್ಯತೆ ಎಷ್ಟು?" ಎಂದು ಕೇಳಿದರೆ ಅರ್ಥವಿಲ್ಲ. "ಅತಿ ಹೆಚ್ಚು ಎಷ್ಟು?", "ಅತಿ ಕಡಿಮೆ ಎಷ್ಟು?" ಎಂದೇ ಕೇಳಬೇಕು. ಲೆಕ್ಕವೂ ಕಷ್ಟವಲ್ಲ. ಮೊದಲಿನ ಸಮೀಕರಣದಲ್ಲಿ ಆಯ್ಕೆ ಇರುವ ಕಡೆ ಎಲ್ಲ ಆಯ್ಕೆಗಳನ್ನು ಲೆಕ್ಕ ಹಾಕಿ, ದೊಡ್ಡದನ್ನು ಅಥವಾ ಚಿಕ್ಕದನ್ನು ಇಟ್ಟುಕೊಂಡು ಮುಂದೆ ಹೋಗುವುದು.

ನನ್ನ ಮಾಡೆಲ್‌ನ ಆ ಒಂದು ಪದ ಬದಲಿಸಿದೆ. ಅತಿ ಹೆಚ್ಚು 0.00002 ಬಂತು. ದಿನಕ್ಕೆ 20. 17 ಅದರ ಒಳಗೇ ಇತ್ತು. ಆಮೇಲೆ ಗೊತ್ತಾದದ್ದು: ಒತ್ತಡ ಹೆಚ್ಚಿದಾಗ ನಿಜವಾದ ಶೆಡ್ಯೂಲರ್ ಉತ್ತರ ಕಳಿಸುವ ಕೆಲಸವನ್ನೇ ಯಾವಾಗಲೂ ಹಿಂದೆ ಹಾಕುತ್ತಿತ್ತು. ಬೇಕೆಂದು ತೊಂದರೆ ಕೊಡುವವರು ಮಾಡುವಂಥದ್ದೇ ಕೆಲಸ, ಬೇಕೆಂದು ಅಲ್ಲ ಅಷ್ಟೇ. ಸಿಮ್ಯುಲೇಶನ್‌ನಲ್ಲೂ ನಾನು ಅದೇ ಅರ್ಧ ಅರ್ಧ ಹಾಕಿದ್ದೆ. ಕೋಟಿ ಸಲ ಓಡಿಸಿದ್ದರೂ 10 ಲಕ್ಷಕ್ಕೆ 17 ಎಂಬ ಉತ್ತರ ಸಿಗುತ್ತಿರಲಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಎಂಡಿಪಿಯ ಶೆಡ್ಯೂಲರ್ ಎಲ್ಲವನ್ನೂ ನೋಡಬಲ್ಲದು, ಒಬ್ಬರ ಒಳಗಿನ ಗುಟ್ಟಿನ ನಾಣ್ಯವನ್ನೂ. ನಿಜದಲ್ಲಿ ಅದು ಕಾಣುವಂತಿಲ್ಲದಿದ್ದರೆ ಉತ್ತರ ಇರುವುದಕ್ಕಿಂತ ಕೆಟ್ಟದಾಗಿ ಬರುತ್ತದೆ. ಪೂರ್ತಿ ಕಾಣದ ಶೆಡ್ಯೂಲರ್‌ಗೆ ಪಿಒಎಂಡಿಪಿ ಎಂಬ ಬೇರೆ ಜಾತಿಯ ಮಾಡೆಲ್ ಇದೆ. ಅಲ್ಲಿ ಹಲವು ಪ್ರಶ್ನೆಗಳಿಗೆ ಯಾವ ಕ್ರಮವಿಧಿಯೂ ಉತ್ತರ ಕೊಡಲಾರದು ಎಂದೇ ಸಾಬೀತಾಗಿದೆ. ಮೊದಲ ವರ್ಷ ಆ ಕಡೆ ಹೋಗಬೇಡಿ.

ಬಂದ ಸಂಖ್ಯೆಯನ್ನು ಅನುಮಾನಿಸುವುದು

ಟೂಲ್ ಆರೇಳು ದಶಮಾಂಶ ಸ್ಥಾನ ತೋರಿಸಿದರೆ ಅಷ್ಟೂ ಸರಿ ಎಂದು ಮನಸ್ಸು ನಂಬಿಬಿಡುತ್ತದೆ. ಈ ಮಾಡೆಲ್ ನೋಡಿ. ಒಂದು ಸ್ಥಿತಿ. 0.0000001 ಸಾಧ್ಯತೆಯಲ್ಲಿ ಒಳ್ಳೆಯ ಕಡೆಗೆ, ಅಷ್ಟೇ ಸಾಧ್ಯತೆಯಲ್ಲಿ ಕೆಟ್ಟ ಕಡೆಗೆ, ಉಳಿದಂತೆ ಅಲ್ಲೇ ಸುತ್ತುವುದು. ಎರಡೂ ಕಡೆ ಸಮ, ಹಾಗಾಗಿ ಒಳ್ಳೆಯದನ್ನು ಮುಟ್ಟುವ ಸಾಧ್ಯತೆ 0.5. ಮಕ್ಕಳೂ ಹೇಳುತ್ತಾರೆ. ಈಗ ವ್ಯಾಲ್ಯೂ ಇಟರೇಶನ್ ಮಾಡಿ, "ಎರಡು ಸುತ್ತಿನ ನಡುವಿನ ವ್ಯತ್ಯಾಸ 0.000001ಕ್ಕಿಂತ ಕಡಿಮೆಯಾದರೆ ನಿಲ್ಲಿಸು" ಎನ್ನಿ. ಮೊದಲ ಸುತ್ತಿನಲ್ಲಿ ಸೊನ್ನೆಯಿಂದ 0.0000001ಕ್ಕೆ ಹೋಗುತ್ತದೆ. ವ್ಯತ್ಯಾಸ ಗೆರೆಗಿಂತ ಕಡಿಮೆ. ನಿಲ್ಲುತ್ತದೆ. ಉತ್ತರ: 0.0000001. ಇರಬೇಕಾದದ್ದು 0.5!

ನಿಧಾನವಾಗಿ ಹೋಗುತ್ತಿದ್ದೇವೆ ಎನ್ನುವುದನ್ನು ತಲುಪಿಬಿಟ್ಟೆವು ಎಂದುಕೊಂಡರೆ ಆಗುವುದು ಇದೇ. ವ್ಯತ್ಯಾಸವನ್ನು ಅಲ್ಲಿಯವರೆಗಿನ ಉತ್ತರಕ್ಕೆ ಹೋಲಿಸಿ, ಪ್ರಮಾಣದಲ್ಲಿ ಅಳೆದರೆ ಸ್ವಲ್ಪ ವಾಸಿ. ಪ್ರಿಸಂ ಮೊದಲಿಂದ ಹಾಗೇ ಅಳೆಯುತ್ತದೆ, ಆದರೂ ಪೂರ್ತಿ ಭರವಸೆ ಅಲ್ಲ. ಹದ್ದಾದ್ ಮತ್ತು ಮಾನ್ಮೇಜ್ 2014ರಲ್ಲಿ ಇದಕ್ಕೆ ಅಚ್ಚುಕಟ್ಟಾದ ಉಪಾಯ ಕೊಟ್ಟರು: ಕೆಳಗಿನಿಂದ ಒಂದು, ಮೇಲಿನಿಂದ ಒಂದು, ಎರಡು ಲೆಕ್ಕ ಒಟ್ಟಿಗೆ ನಡೆಸಿ, ಅವೆರಡರ ನಡುವಿನ ಅಂತರ ಚಿಕ್ಕದಾದಾಗ ನಿಲ್ಲಿಸುವುದು. ಇದು ಇಂಟರ್ವಲ್ ಇಟರೇಶನ್. ಪ್ರಿಸಂ, ಸ್ಟಾರ್ಮ್ ಎರಡರಲ್ಲೂ ಹೀಗೆ ಭರವಸೆ ಇರುವ ಲೆಕ್ಕದ ಆಯ್ಕೆ ಇದೆ. ಭಿನ್ನರಾಶಿಯಲ್ಲೇ ಲೆಕ್ಕ ಹಾಕುವ ನಿಖರ ಆಯ್ಕೆಯೂ ಇದೆ, ಚಿಕ್ಕ ಮಾಡೆಲ್‌ಗಳಿಗೆ ಅದು ಚಿನ್ನ. ನಾನು ಯಾವುದೇ ಮಾಡೆಲ್‌ನ ಕಿರಿಯ ರೂಪವನ್ನು ಒಮ್ಮೆ ನಿಖರವಾಗಿ ಓಡಿಸಿ, ಮಾಮೂಲಿ ಉತ್ತರದ ಜೊತೆ ಇಟ್ಟು ನೋಡುತ್ತೇನೆ.

ಮಾಡೆಲ್ ಉಬ್ಬಿದಾಗ

ನಾಲ್ಕು ಸ್ಥಿತಿಯ ಒಂದು ಸಾಧನ. ಅಂಥವು 10 ಇದ್ದರೆ 10,48,576 ಸ್ಥಿತಿ. 20 ಇದ್ದರೆ 1 ಲಕ್ಷ ಕೋಟಿ ದಾಟುತ್ತದೆ. ಎಲ್ಲರೂ ಒಂದಲ್ಲ ಒಂದು ದಿನ ಈ ಗೋಡೆಗೆ ತಲೆ ಹೊಡೆದುಕೊಳ್ಳುತ್ತಾರೆ. ಟೂಲ್‌ಗಳು ಎಂಟಿಬಿಡಿಡಿ ಎಂಬ ಮಡಿಸಿದ ಚಿತ್ರದಲ್ಲಿ ಇವನ್ನು ಒತ್ತಿ ಇಡುತ್ತವೆ, ಅದಕ್ಕೆ ನೀವು ಸಹಾಯ ಮಾಡಬಹುದು: ಒಂದಕ್ಕೊಂದು ಸಂಬಂಧವಿರುವ ವೇರಿಯಬಲ್‌ಗಳನ್ನು ಹತ್ತಿರ ಹತ್ತಿರ ಬರೆಯಿರಿ. ಆದರೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬರುವುದು ಕತ್ತರಿ. ಪ್ರಶ್ನೆಗೆ ಬೇಡದ್ದನ್ನು ಮಾಡೆಲ್‌ನಿಂದ ತೆಗೆಯಿರಿ. ನನ್ನ ಮೊದಲ ಮಾಡೆಲ್‌ನಲ್ಲಿ ಮೆಸೇಜ್‌ನ ಉದ್ದ ಕೂಡ ಇತ್ತು. ಯಾಕಿತ್ತೋ ದೇವರಿಗೇ ಗೊತ್ತು.

ಅದಕ್ಕೂ ಬಗ್ಗದಿದ್ದರೆ ಟೂಲ್‌ನೊಳಗೇ ಸಿಮ್ಯುಲೇಶನ್ ದಾರಿ ಇದೆ, ಸ್ಟಾಟಿಸ್ಟಿಕಲ್ ಮಾಡೆಲ್ ಚೆಕಿಂಗ್ ಎನ್ನುತ್ತಾರೆ. 95 ಪ್ರತಿಶತ ಭರವಸೆಯಿಂದ ಉತ್ತರ 0.01ರ ಆಚೀಚೆ ಸಾಕು ಎಂದರೆ 18,445 ಓಟ ಸಾಕು, ಮಾಡೆಲ್ ಎಷ್ಟೇ ದೊಡ್ಡದಿರಲಿ. 0.001 ಬೇಕೆಂದರೆ ನೂರು ಪಟ್ಟು, 18 ಲಕ್ಷ ದಾಟುತ್ತದೆ. ನನ್ನಂತೆ 0.000004 ಹುಡುಕುವವರಿಗೆ ಇದು ಆಗುವ ಮಾತಲ್ಲ. ಶೆಡ್ಯೂಲರ್ ಆಯ್ಕೆ ಇದ್ದರೆ ಇನ್ನೂ ಕಷ್ಟ.

ಸಮಯ ನಿಜವಾದ ಗಂಟೆ ನಿಮಿಷದಲ್ಲಿ ಬೇಕಾದವರು ಸಿಟಿಎಂಸಿ, ಅಂದರೆ ನಿರಂತರ ಸಮಯದ ಮಾರ್ಕೋವ್ ಸರಪಳಿ, ಕಲಿಯಬೇಕು. ಅಲ್ಲಿ ಬಾಣದ ಮೇಲೆ ಸಾಧ್ಯತೆಯ ಬದಲು ದರ ಇರುತ್ತದೆ. ಗಂಟೆಗೆ 2 ಎಂಬ ದರವೆಂದರೆ ಸರಾಸರಿ ಅರ್ಧ ಗಂಟೆ, ಒಂದು ಗಂಟೆಯೊಳಗೆ ಆಗುವ ಸಾಧ್ಯತೆ 0.865. ದರ 3 ಮತ್ತು 1 ಇರುವ ಎರಡು ಬಾಣ ಪೈಪೋಟಿಗೆ ಬಿದ್ದರೆ ಮೊದಲನೆಯದು ಗೆಲ್ಲುವುದು 0.75. ಒಂದೇ ಎಚ್ಚರಿಕೆ: ಪ್ರಿಸಂನಲ್ಲಿ ಎರಡು ಭಾಗಗಳು ಒಟ್ಟಿಗೆ ಹೆಜ್ಜೆ ಇಟ್ಟರೆ ದರಗಳು ಗುಣಾಕಾರವಾಗುತ್ತವೆ. ಒಂದು ಕಡೆ ನಿಜವಾದ ದರ ಬರೆದು ಇನ್ನೊಂದು ಕಡೆ 1 ಬರೆಯುವುದು ವಾಡಿಕೆ.

ಅಭ್ಯಾಸಕ್ಕೆ ಎರಡು

ದಾಳ ಮುಗಿಸಿದವರು ಝೀರೋಕಾನ್ಫ್ ಮಾಡಿ. ನೆಟ್‌ವರ್ಕ್‌ಗೆ ಹೊಸದಾಗಿ ಬಂದ ಸಾಧನ 65,024 ವಿಳಾಸಗಳಲ್ಲಿ ಒಂದನ್ನು ಕಣ್ಣು ಮುಚ್ಚಿ ಆರಿಸಿ, "ಇದು ಯಾರದ್ದಾದರೂ ಆಗಿದೆಯಾ?" ಎಂದು ಕೇಳುತ್ತದೆ. ಉತ್ತರ ಬಂದರೆ ಬೇರೆ ಆರಿಸುತ್ತದೆ. ಕೇಳಿದ್ದೋ ಉತ್ತರವೋ ಪ್ರತಿ ಸಲವೂ ಕಳೆದುಹೋದರೆ ಇಬ್ಬರಿಗೆ ಒಂದೇ ವಿಳಾಸ. 2005ರ ಆರ್‌ಎಫ್‌ಸಿ 3927 ಎಂಬ ಇಂಟರ್ನೆಟ್ ನಿಯಮದ ದಾಖಲೆ ಪ್ರಕಾರ ಮೂರು ಸಲ ಕೇಳಬೇಕು. ಈಗಾಗಲೇ 1,000 ಸಾಧನಗಳಿವೆ, ಪ್ರತಿ ಸಲ ಉತ್ತರ ಸಿಗದಿರುವ ಸಾಧ್ಯತೆ 0.1 ಎಂದಿಟ್ಟುಕೊಳ್ಳಿ. ಕೈಲೆಕ್ಕದಲ್ಲೇ ಸುಮಾರು 0.0000156 ಬರುತ್ತದೆ. ನಾಲ್ಕು ಸಲ ಕೇಳಿದರೆ ಅದರ ಹತ್ತನೆಯ ಒಂದು ಪಾಲು, ಆದರೆ ಪ್ರತಿ ಸಾಧನವೂ ಅಷ್ಟು ಹೆಚ್ಚು ಕಾಯಬೇಕು. ಟೂಲ್‌ನಲ್ಲಿ ಕೇಳುವ ಸಲವನ್ನು 1ರಿಂದ 8ರ ತನಕ ಬದಲಿಸುತ್ತ, ತಪ್ಪಿನ ಸಾಧ್ಯತೆಗೊಂದು, ಕಾಯುವ ಹೊತ್ತಿಗೊಂದು, ಎರಡು ಗೆರೆ ಎಳೆಸಿ ನೋಡಿ.

ಆಮೇಲೆ ಸಾಧನಗಳನ್ನು ಕೇಬಲ್‌ನಿಂದ ಜೋಡಿಸುವ ಫೈರ್‌ವೈರ್. ಎರಡು ಸಾಧನಗಳಲ್ಲಿ ಯಾರು ಯಜಮಾನ ಎಂದು ಜಗಳ. ಇಬ್ಬರೂ ನಾಣ್ಯ ಎಸೆದು ಸ್ವಲ್ಪ ಹೊತ್ತು ಅಥವಾ ತುಂಬ ಹೊತ್ತು ಕಾಯುತ್ತಾರೆ. ಒಂದೇ ಬಿದ್ದರೆ ಮತ್ತೆ ಎಸೆತ. ಸಮನಾದ ನಾಣ್ಯವೇ ವೇಗ ಎಂದು ನಾನು ಪಂದ್ಯ ಕಟ್ಟುತ್ತಿದ್ದೆ. ಅಲ್ಲ, ಕಡಿಮೆ ಕಾಯುವ ಕಡೆಗೆ ವಾಲಿದ ನಾಣ್ಯವೇ ಬೇಗ ಮುಗಿಸುತ್ತದೆ. ಎಷ್ಟು ವಾಲಿದರೆ ಒಳ್ಳೆಯದು ಎಂದು ನೀವೇ ಕಂಡುಹಿಡಿಯಿರಿ. ಹಿಂದಿನ ಗಣಿತ ಬೇಕೆನಿಸಿದರೆ ಬೈಯರ್ ಮತ್ತು ಕಾಟೂನ್ 2008ರಲ್ಲಿ ಬರೆದ ದಪ್ಪ ಪುಸ್ತಕದ 10ನೇ ಅಧ್ಯಾಯಕ್ಕೆ ನೇರವಾಗಿ ಹೋಗಿ. ನಾನು ಒಂದನೇ ಅಧ್ಯಾಯದಿಂದ ಶುರು ಮಾಡಿದ್ದೆ, ಅದೂ ಆ ಎರಡು ತಿಂಗಳಲ್ಲೇ ಸೇರಿದೆ.

ನಮ್ಮ ಮೆಸೇಜ್ ವ್ಯವಸ್ಥೆಗೆ ಕೊನೆಗೆ ಒಂದು ಬದಲಾವಣೆ ಬಂತು. ಪಡೆಯುವವನು ಹಿಂದಿನ ಮೆಸೇಜ್‌ಗಳ ನಂಬರ್ ನೆನಪಿಟ್ಟುಕೊಳ್ಳುತ್ತಾನೆ, ಬಂದದ್ದೇ ಮತ್ತೆ ಬಂದರೆ ಎಸೆಯುತ್ತಾನೆ. ಮಾಡೆಲ್‌ನಲ್ಲೂ ಅದನ್ನು ಸೇರಿಸಿ ಅತಿ ಹೆಚ್ಚು ಎಷ್ಟು ಎಂದು ಕೇಳಿದೆ. ಸೊನ್ನೆ ಬಂತು. ಲೆಕ್ಕಕ್ಕೂ ಮುಂಚೆ ಟೂಲ್ ಬಾಣಗಳ ಚಿತ್ರವನ್ನು ಮಾತ್ರ ನೋಡಿ, ಆ ಸ್ಥಿತಿಗೆ ದಾರಿಯೇ ಇಲ್ಲ ಎಂದು ಹೇಳಿತ್ತು. ಹೊಸ ವರದಿಯಲ್ಲಿ ಆ ಸೊನ್ನೆ ಬರೆದೆ. ಅದರ ಕೆಳಗೆ ಇನ್ನೂ ಎರಡು ಸಾಲು ಬರೆದೆ: ಶೆಡ್ಯೂಲರ್ ಹೇಗೆ ಬೇಕಾದರೂ ಆರಿಸಬಹುದು ಎಂದು ಹಿಡಿದಿದ್ದೇವೆ, ಪಡೆಯುವವನ ನೆನಪಿನಿಂದ ನಂಬರ್ ಅಳಿಸಿಹೋಗುವಷ್ಟು ತಡವಾಗಿ ಯಾವ ಮೆಸೇಜೂ ಬರುವುದಿಲ್ಲ ಎಂದೂ ಹಿಡಿದಿದ್ದೇವೆ. ಎರಡನೆಯ ಸಾಲು ಓದಿದ ಲಾಗ್ ಎಣಿಸುವವರು, "ಎಷ್ಟು ತಡವಾಗಿ ಬರಬಹುದು ಅಂತ ನಾನು ಎಣಿಸಿ ಹೇಳಲಾ?" ಎಂದು ಕೇಳಿದರು. ಈ ಸಲ ನಾನು ವಾದ ಮಾಡಲಿಲ್ಲ.